ಕೌದಿಯ ನಡುತುಂಡು

ಶಹಾಡ್
18 ಜೂನ್ 1995

ತಂಗಿ ಸಾಬವ್ವಳಿಗೆ ಅಕ್ಕ ದಾನಮ್ಮನ ಆಶೀರ್ವಾದಗಳು.

ಇಲ್ಲಿ ನಾವು ಗಂಡ ಹೆಂಡತಿ, ನಾನೂ ನಿಮ್ಮ ಮಾವನೂ, ಆರಾಮ ಇದ್ದೇವೆ. ನೀನು, ಚಂದ್ರಾಮಪ್ಪ, ಹುಡುಗಿಯರಿಬ್ಬರು ಹೇಗಿದ್ದೀರಿ, ಬರೆ. ಎಲ್ಲಕ್ಕಿಂತ ಮೊದಲು ಹೊಟ್ಟೆಯಲ್ಲಿರುವುದು ಹೇಗಿದೆ ಅದನ್ನು ಬರೆ. ಬಾವಿಯಿಂದ ಎರಡೆರಡು ಕೊಡ ಒಟ್ಟಿಗೆ ಹೊರಬೇಡ. ಹೊರುತ್ತೀ ಅಂತ ಗೊತ್ತು, ಅದಕ್ಕೇ ಬೈದು ಬರೆಯುತ್ತಿದ್ದೇನೆ.

ಕೌದಿ ಶುರು ಮಾಡಿದ್ದೇನೆ. ನಗಬೇಡ. ಸೂಜಿ ಕಂಡರೆ ಓಡಿಹೋಗುತ್ತಿದ್ದವಳು ನಾನು, ಅವ್ವನ ಮಗ್ಗುಲಲ್ಲಿ ಕೂತು ಕಲಿತವಳು ನೀನು. ಆದರೂ ನನ್ನ ಕೂಸಿನ ಕೌದಿಯನ್ನು ನಾನೇ ಹೊಲಿಯಬೇಕು. ನೋಡು, ನನ್ನ ಕೂಸು ಅಂತ ಬರೆದೇಬಿಟ್ಟೆ. ಬಸವ ಜಯಂತಿಗೆ ಊರಿಗೆ ಬಂದಾಗ ಹಿತ್ತಲಲ್ಲಿ ನನ್ನ ಕೈ ಹಿಡಿದು, “ಅಕ್ಕಾ, ಈ ಸಲ ಹುಟ್ಟೂದನ್ನ ನಿನ್ನ ಉಡಿಗೆ ಹಾಕ್ತೀನಿ” ಎಂದು ನೀನಾಗಿಯೇ ಅಂದೆಯಲ್ಲ, ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿಲ್ಲ. ಮದುವೆಯಾಗಿ ಇಷ್ಟು ವರ್ಷ ಯಾರ್ಯಾರ ಕೂಸಿನ ತೊಟ್ಟಿಲು ತೂಗಿದ್ದೇನೆ, ನಿನಗೆ ಗೊತ್ತೇ ಇದೆ.

ನಮ್ಮ ಖೋಲಿಯಲ್ಲಿ ಕೌದಿ ಹಾಸಿದರೆ ಕಾಲಿಡಲು ಜಾಗ ಇಲ್ಲ. ನಿಮ್ಮ ಮಾವ ಕಂಪನಿಗೆ ಹೋದ ಮೇಲೆ ಹಾಸುತ್ತೇನೆ, ಬರುವ ಹೊತ್ತಿಗೆ ಸುತ್ತಿಡುತ್ತೇನೆ. ಅರಿವಿಗೆ ಇಲ್ಲಿ ಬರಗಾಲ ಇಲ್ಲ. ಪಕ್ಕದ ಉಲ್ಹಾಸನಗರದಲ್ಲಿ ನಾನು ದಾರ ಕತ್ತರಿಸುವ ಕೆಲಸಕ್ಕೆ ಹೋಗುತ್ತೇನಲ್ಲ, ಆ ಕಾರಖಾನೆಯಲ್ಲಿ ಪ್ಯಾಂಟು ಕತ್ತರಿಸಿ ಉಳಿದ ಚೂರು ಗುಡ್ಡೆ ಬೀಳುತ್ತದೆ. ಕತ್ರನ್ ಅನ್ನುತ್ತಾರೆ. ಒಂದು ಚೀಲ ತುಂಬಿ ತಂದಿದ್ದೇನೆ. ಹೊರಗಿನ ಸುತ್ತಿಗೆ ನೀಲಿ ಜೀನ್ಸ್ ತುಂಡು ಹಚ್ಚಿದೆ. ಆನೆ ಎಳೆದರೂ ಹರಿಯಲಿಕ್ಕಿಲ್ಲ. ಸೂಜಿ ಮಾತ್ರ ಮುರಿಯುತ್ತಿದೆ.

ಅವ್ವನ ಕ್ರಮ ಮರೆತಿಲ್ಲ. ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರಬೇಕು. ಹೊರಗೆ ಓಣಿಯವರ ಅರಿವಿ, ಅದರೊಳಗೆ ಬಳಗದವರದು, ಅದರೊಳಗೆ ಅಜ್ಜಿಯದು, ಆಮೇಲೆ ಅಪ್ಪನದು, ಕಟ್ಟಕಡೆಗೆ ನಡುತುಂಡು ತಾಯಿಯ ಸೀರೆಯದು. ನಡುವಿಗೆ ನನ್ನ ಮದುವೆಯ ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ಅಪ್ಪನ ಸುತ್ತಿಗೆ ನಿಮ್ಮ ಮಾವನ ಅಂಗಿ ಇದೆ. ನೀನು ಅವ್ವನ ಸೀರೆ, ಹುಡುಗಿಯರ ಹಳೇ ಲಂಗ ಮತ್ತು ನೀನು ಉಟ್ಟುಬಿಟ್ಟ ಸೀರೆ ಒಂದು ಕಳಿಸು. ನಿನ್ನದನ್ನು ಬಳಗದ ಸುತ್ತಿನಲ್ಲಿ ಚಿಗವ್ವನ ಸಾಲಿಗೆ ಹಚ್ಚುತ್ತೇನೆ.

ನಿನ್ನ ಅಕ್ಕ
ದಾನಮ್ಮ


ಹಿರೇಮಸಳಿ
16 ಜುಲೈ 1995

ಪ್ರೀತಿಯ ಅಕ್ಕನಿಗೆ ಸಾಬವ್ವಳ ನಮಸ್ಕಾರಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ತಡವಾಯಿತು, ಸಿಟ್ಟಾಗಬೇಡ. ಇವರು ಇಂಡಿ ಪೇಟೆಯ ನಿಂಬೆಹಣ್ಣಿನ ಅಡತಿ ಅಂಗಡಿಗೆ ಬೆಳಗಾಗುವ ಮೊದಲೇ ಹೋಗುತ್ತಾರೆ, ಹೀಗಾಗಿ ಕೆಲಸ ಎಲ್ಲ ನನ್ನ ಮೇಲೆ. ಹುಡುಗಿಯರು ಆರಾಮ. ಹೊಟ್ಟೆಯಲ್ಲಿರುವುದೂ ಆರಾಮ. ಈ ಸಲದ್ದು ಬಹಳ ತಿರುಗಾಡುತ್ತದೆ. ದೊಡ್ಡವಳು ಹೊಟ್ಟೆಗೆ ಕಿವಿ ಹಚ್ಚಿ ಕೂತಿರುತ್ತಾಳೆ.

ನಿಮ್ಮ ಕಡೆ ರಬಾಳೆಯಲ್ಲಿ ಹಮಾಲಿ ಮಾಡುವ ನಮ್ಮ ಓಣಿಯ ವಸಂತಕುಮಾರ ಊರಿಗೆ ಬಂದಿದ್ದಾನೆ. ಅವನ ಕೈಯಲ್ಲಿ ಗಂಟು ಕೊಟ್ಟಿದ್ದೇನೆ. ಅದರಲ್ಲಿ ಅವ್ವನ ಬಿಳೀ ಸೀರೆ ಇದೆ, ಹುಡುಗಿಯರ ಲಂಗಗಳಿವೆ. ಅವ್ವನ ಸೀರೆಯನ್ನು ಕೊಡುವ ಮೊದಲು ಒಂದು ಸಲ ಮೂಸಿ ನೋಡಿದೆ. ಈಗ ಅದರಲ್ಲಿ ಟ್ರಂಕಿನ ವಾಸನೆ ಅಷ್ಟೇ ಇದೆ.

ನನ್ನ ಸೀರೆ ಇಟ್ಟಿಲ್ಲ. ನನ್ನವೆಲ್ಲ ಇನ್ನೂ ಉಡುವಂಥವೇ ಇವೆ. ಮುಂದೆ ನೋಡೋಣ.

ಕತ್ರನ್ ಅಂದರೆ ಹೊಸ ಅರಿವಿ ತಾನೇ, ಅಕ್ಕಾ? ಅವ್ವ ಕೂಸಿನ ಕೌದಿಗೆ ಹೊಸ ಅರಿವಿ ಮುಟ್ಟಗೊಡುತ್ತಿರಲಿಲ್ಲ. ಮೈಮೇಲೆ ಹಾಕಿ, ಒಗೆದು, ಮೆತ್ತಗಾದದ್ದೇ ಬೇಕು ಅನ್ನುತ್ತಿದ್ದಳು. ನಿನಗೆ ಗೊತ್ತಿರಬಹುದು, ಸುಮ್ಮನೆ ಬರೆದೆ.

ಚಿಗವ್ವನ ಸಾಲು ಅಂತ ಬರೆದಿದ್ದೀಯಲ್ಲ, ಅದನ್ನು ಮತ್ತೆ ಮತ್ತೆ ಓದಿದೆ. ಇರಲಿ.

ನಿನ್ನ ತಂಗಿ
ಸಾಬವ್ವ


ಶಹಾಡ್
6 ಆಗಸ್ಟ್ 1995

ಸಾಬವ್ವಳಿಗೆ ಆಶೀರ್ವಾದ.

ಗಂಟು ಮುಟ್ಟಿತು. ಮುಟ್ಟಿದ್ದಕ್ಕೆ ಖುಷಿಪಡಲೋ, ಆಮೇಲೆ ಆದದ್ದಕ್ಕೆ ಅಳಲೋ ತಿಳಿಯುತ್ತಿಲ್ಲ. ಅವ್ವನ ಸೀರೆ ಹಚ್ಚಿ ಒಂದು ಸುತ್ತು ಮುಗಿಸಿದ್ದೆ. ಜೀನ್ಸ್ ಅಂಚು ಬಿರುಸಾಗಿದೆ, ಕೂಸಿನ ಕೆನ್ನೆಗೆ ತಾಗೀತು, ಒಂದು ಸಲ ನೀರಿಗೆ ಹಾಕಿದರೆ ಮೆತ್ತಗಾದೀತು ಎಂದುಕೊಂಡು ಬಕೆಟ್ಟಿನಲ್ಲಿ ನೆನೆಸಿದೆ. ತೆಗೆದು ನೋಡುತ್ತೇನೆ, ನೀಲಿ ಬಣ್ಣ ಬಿಟ್ಟು ಅವ್ವನ ಬಿಳೀ ಸೀರೆಯ ತುಂಬ ಹರಡಿದೆ. ಅಂಚು ಕುಗ್ಗಿ ಇಡೀ ಕೌದಿ ಹಪ್ಪಳ ಸುಟ್ಟ ಹಾಗೆ ಸೊಟ್ಟಗಾಗಿದೆ. ನೆಲದ ಮೇಲೆ ಹಾಸಿ ಈ ತುದಿ ಒತ್ತಿದರೆ ಆ ತುದಿ ಏಳುತ್ತದೆ.

ನಮ್ಮ ಬಾಜೂ ಖೋಲಿಯ ಗುರಮ್ಮ, ಕಲಬುರ್ಗಿ ಕಡೆಯವಳು, ಬಂದು ನೋಡಿದಳು. ನೂರು ಸಲ ಒಗೆದ ಅರಿವಿ ಬಿಡುವಷ್ಟು ಬಣ್ಣ ಬಿಟ್ಟು, ಕುಗ್ಗುವಷ್ಟು ಕುಗ್ಗಿ ಸುಮ್ಮನಾಗಿರುತ್ತದೆ, ಹೊಸದಕ್ಕೆ ಇನ್ನೂ ಹಟ ಇರುತ್ತದೆ ಎಂದಳು. ನೀನು ಬರೆದದ್ದೂ ಅದನ್ನೇ. ಆದರೆ ‘ಸುಮ್ಮನೆ ಬರೆದೆ’ ಅಂತ ಬಾಲ ಹಚ್ಚಿದೆಯಲ್ಲ, ಆ ಬಾಲಕ್ಕೆ ನನಗೆ ಸಿಟ್ಟು ಬಂತು, ಬೇಕಂತಲೇ ಕೇಳಲಿಲ್ಲ. ಈಗ ಕೂತು ಒಂದೊಂದೇ ಹೊಲಿಗೆ ಬಿಚ್ಚುತ್ತಿದ್ದೇನೆ.

ಅಂಚಿಗೆ ಚಾಳಿನ ಹೆಂಗಸರಿಂದ ಹಳೇ ಅರಿವಿ ಕೇಳಿ ತಂದೆ. ಕೊಂಕಣದವರು, ಖಾನದೇಶದವರು, ಉಡುಪಿ ಕಡೆಯ ಹೊಟೇಲಿನವರ ಪ್ರಭಾಬಾಯಿ, ಎಲ್ಲರೂ ಕೊಟ್ಟರು. ಯಾರ ಕೂಸಿಗೆ ಎಂದು ಕೇಳಿದರು. ನನ್ನದಕ್ಕೆ ಅಂದೆ. ನನ್ನ ಹೊಟ್ಟೆ ನೋಡಿದರು. ತವರಿನ ಕಡೆಯಿಂದ ಬರುತ್ತದೆ ಎಂದು ಅಲ್ಲಿಗೇ ಬಿಟ್ಟೆ. ಈಗಲೇ ಒಂದು ಮಾತು ಗಟ್ಟಿಯಾಗಲಿ, ಸಾಬವ್ವಾ. ಕೂಸು ದೊಡ್ಡದಾದ ಮೇಲೂ ಯಾರೂ ಅದಕ್ಕೆ ಏನೂ ಹೇಳಬಾರದು. ನಾನು ಅವ್ವ, ನೀನು ಚಿಗವ್ವ. ಎರಡೆರಡು ಅವ್ವಂದಿರು ಅಂತ ಅದರ ತಲೆ ಕೆಡಿಸುವುದು ಬೇಡ.

ಉಟ್ಟುಬಿಟ್ಟ ಸೀರೆ ಒಂದೂ ಇಲ್ಲ ಅಂದರೆ ನಂಬಲೇ ನಾನು? ನಿನ್ನ ಟ್ರಂಕು ನನಗೆ ಗೊತ್ತಿಲ್ಲವೇ? ಬೇಗ ಕಳಿಸು.

ನಮ್ಮತ್ತೆ ಊರಿಂದ ಬಂದಿದ್ದಾರೆ, ಕಣ್ಣು ತೋರಿಸಲಿಕ್ಕೆ. ಸ್ವಲ್ಪ ದಿನ ಇರುತ್ತಾರೆ.

ದಾನಮ್ಮ


ಹಿರೇಮಸಳಿ
3 ಸೆಪ್ಟೆಂಬರ್ 1995

ಅಕ್ಕನಿಗೆ ನಮಸ್ಕಾರ.

ಗಣಪತಿ ಹಬ್ಬಕ್ಕೆ ವಸಂತಕುಮಾರ ಬಂದಿದ್ದ. ನಿಮ್ಮ ಮನೆಗೂ ಹೋಗಿ ಬಂದೆನೆಂದ. ನಿಮ್ಮತ್ತೆಯ ಕಣ್ಣಿಗೆ ಏನೂ ಆಗಿಲ್ಲವಂತಲ್ಲ. ಮಾವನಿಗೆ ಆಲಮೇಲ ಕಡೆಯ ಒಂದು ಹೆಣ್ಣು ನೋಡಿದ್ದಾರಂತೆ. ಈ ಸಲ ಮನೆಗೆ ಕೂಸು ಬರದಿದ್ದರೆ ಇನ್ನೊಂದು ಮದುವೆ ಮಾಡುವುದೇ ಸೈ ಎಂದು ಚಾಳಿನವರ ಮುಂದೆಯೇ ಹೇಳಿದರಂತೆ. ಅವನು ಇದನ್ನೆಲ್ಲ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದ, ನಾನು ಒಳಗಿನಿಂದ ಕೇಳಿದೆ.

ನಿನ್ನ ಕಾಗದಗಳನ್ನು ತೆಗೆದು ಮತ್ತೆ ಓದಿದೆ. ಅವುಗಳಲ್ಲಿ ಇದು ಎಲ್ಲೂ ಇಲ್ಲ. ನಾನು ನಿನ್ನ ಖುಷಿಗೆ ಕೊಡುತ್ತೇನೆ ಅಂದುಕೊಂಡಿದ್ದೆ. ನಿನ್ನ ಮನೆ ಉಳಿಸಲಿಕ್ಕೆ ಕೊಡಬೇಕಾಗಿದೆ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೂ ಕೊಡುತ್ತೇನೆಂದೇ ಅನ್ನುತ್ತಿದ್ದೆ. ಆದರೆ ನೀನು ಹೇಳಬೇಕಿತ್ತು.

ಒಂದು ಕೇಳುತ್ತೇನೆ, ನೇರ ಉತ್ತರ ಬರೆ. ಹುಟ್ಟಿದ್ದು ಹೆಣ್ಣಾದರೆ?

ಸಾಬವ್ವ


ಶಹಾಡ್
9 ಸೆಪ್ಟೆಂಬರ್ 1995

ಸಾಬವ್ವಾ,

ಆ ವಸಂತಕುಮಾರನ ನಾಲಿಗೆಗೆ ನಾಲ್ಕು ಹೊಲಿಗೆ ಹಾಕಬೇಕು. ನಮ್ಮ ಮನೆಯ ಚಹಾ ಕುಡಿದು, ಅವಲಕ್ಕಿ ತಿಂದು, ಊರ ಕಟ್ಟೆಯ ಮೇಲೆ ಕೂತು ನಮ್ಮದೇ ಸುದ್ದಿ ಹಂಚುತ್ತಾನೆಯೇ? ಮುಂದಿನ ಸಲ ಬರಲಿ, ಬಾಗಿಲಲ್ಲೇ ನಿಲ್ಲಿಸಿ ಮಾತಾಡುತ್ತೇನೆ.

ಅತ್ತೆ ಏನೋ ಅಂದಿರಬಹುದು. ಮುದುಕರು ಅನ್ನುತ್ತಾರೆ. ನಿಮ್ಮ ಮಾವ ಅದಕ್ಕೆ ಹೂಂ ಅಂದಿಲ್ಲ. ಊಹೂಂ ಅಂತಲೂ ಅಂದಿಲ್ಲ, ಅವರ ಸ್ವಭಾವ ನಿನಗೆ ಗೊತ್ತಲ್ಲ. ಬಸುರಿಗೆ ಇಂಥದ್ದೆಲ್ಲ ಬರೆಯಬಾರದೆಂದು ಬರೆಯಲಿಲ್ಲ. ಮುಚ್ಚಿಟ್ಟೆ ಎಂದು ತಿಳಿದುಕೊಂಡರೆ ತಿಳಿದುಕೋ.

ಗಂಡಾದರೂ ನನ್ನದು, ಹೆಣ್ಣಾದರೂ ನನ್ನದು. ನೇರ ಉತ್ತರ ಬೇಕಿತ್ತಲ್ಲ, ತಗೋ.

ಈಗ ನಾನೊಂದು ಕೇಳುತ್ತೇನೆ. ನಿನ್ನ ಕಾಗದಗಳಲ್ಲಿ ಹುಡುಗಿಯರ ಸುದ್ದಿ ಇದೆ, ನಿಂಬೆಹಣ್ಣಿನ ಸುದ್ದಿ ಇದೆ. ಚಂದ್ರಾಮಪ್ಪ ಕೂಸಿನ ಬಗ್ಗೆ ಏನಂದ ಎಂದು ಒಂದು ಸಾಲೂ ಇಲ್ಲ. ಅವನಿಗೆ ಹೇಳಿದ್ದೀಯೋ ಇಲ್ಲವೋ? ನಿನ್ನ ಸೀರೆ ಯಾಕೆ ಬರುತ್ತಿಲ್ಲ? ನನ್ನ ತಲೆಯಲ್ಲಿ ಏನೇನೋ ಬರುತ್ತದೆ.

ಕೌದಿ ಮತ್ತೆ ಸಮ ಆಗಿದೆ. ಓಣಿಯವರ ಸುತ್ತು, ಬಳಗದ ಸುತ್ತು, ಅವ್ವನ ಸುತ್ತು ಮುಗಿದವು. ಅವ್ವನ ಸೀರೆಯ ನೀಲಿ ಪೂರ್ತಿ ಹೋಗಲಿಲ್ಲ. ನಿಮ್ಮ ಮಾವನ ಅಂಗಿ ಹಚ್ಚುತ್ತಿದ್ದೇನೆ. ಬಳಗದ ಸುತ್ತಿನಲ್ಲಿ ಚಿಗವ್ವನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ.

ಬೇಗ ಬರೆ.

ದಾನಮ್ಮ


ಹಿರೇಮಸಳಿ
26 ಅಕ್ಟೋಬರ್ 1995

ಅಕ್ಕಾ,

ಬೇಗ ಬರೆ ಎಂದಿದ್ದೆ. ಬರೆಯಲು ಕೂತಾಗೆಲ್ಲ ಎದ್ದುಹೋದೆ. ದೀಪಾವಳಿ ಮುಗಿಯಿತು. ಇನ್ನು ಮುಂದಕ್ಕೆ ಹಾಕಿದರೆ ಕೂಸೇ ಬಂದುಬಿಡುತ್ತದೆ.

ಇವರಿಗೆ ಮೊದಲೇ ಹೇಳಿದ್ದೆ. ಆಗ, ಅಕ್ಕನಿಗೆ ತಾನೇ, ಕೊಡು ಎಂದಿದ್ದರು. ಹೊಟ್ಟೆ ದೊಡ್ಡದಾದ ಮೇಲೆ ಓಣಿಯ ಹಿರಿಯರು ನೋಡಿ ಈ ಸಲ ಗಂಡು ಎಂದರು. ಅವತ್ತೇ ಇವರ ಮಾತು ಬದಲಾಯಿತು. ಊಟಕ್ಕೆ ಕೂತವರು ತಲೆ ಎತ್ತದೆ, “ಗಂಡಾದ್ರ ಮನ್ಯಾಗ ಇರ್ತದ. ಹೆಣ್ಣಾದ್ರ ನಿಮ್ಮಕ್ಕ ಒಯ್ಯಲಿ” ಎಂದರು. ಅಡತಿಯಲ್ಲಿ ದೊಡ್ಡ ಹಣ್ಣು ಒಂದು ಕಡೆ, ಸಣ್ಣ ಹಣ್ಣು ಒಂದು ಕಡೆ ಮಾಡುತ್ತಾರಲ್ಲ, ಹಾಗೆ ಅಂದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ.

ಇದನ್ನು ನಿನಗೆ ಹೇಗೆ ಬರೆಯಲಿ? ನನ್ನ ಮಾತು ನಾನು ಕೊಟ್ಟದ್ದು. ಈಗ ಅದು ನನ್ನ ಕೈಯಲ್ಲಿ ಉಳಿದಿಲ್ಲ. ಅದಕ್ಕೇ ಸೀರೆ ಕಳಿಸಲಿಲ್ಲ. ಕಳಿಸಿದ ಮೇಲೆ ಕೂಸು ಕಳಿಸಲು ಆಗದಿದ್ದರೆ ನಿನಗೆ ಮೋಸ ಮಾಡಿದ ಹಾಗಾಗುತ್ತದೆ ಅನ್ನಿಸಿತು.

ಇನ್ನೊಂದು ಕಾರಣವೂ ಇದೆ. ಚಿಗವ್ವನ ಸಾಲಿಗೆ ಸೀರೆ ಹರಿಯಲು ನನ್ನ ಕೈ ಬರಲಿಲ್ಲ. ಹೆರುವವಳು ನಾನು, ಅಕ್ಕಾ. ನೀನು ಅವ್ವ ಆಗು, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಾನು ಹೆತ್ತೇ ಇಲ್ಲ ಅನ್ನುವ ಹಾಗೆ ಮಾಡಬೇಡ.

ಸಾಬವ್ವ


ಶಹಾಡ್
4 ನವೆಂಬರ್ 1995

ಸಾಬವ್ವಾ,

ನಿನ್ನ ಕಾಗದ ಓದಿ ಮೊದಲು ಚಂದ್ರಾಮನಿಗೆ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ನಿನಗೂ ಬೈದೆ. ಗುರಮ್ಮ ಗಾಬರಿಯಾಗಿ ಬಂದು ನೋಡಿ ಹೋದಳು. ಬೈದು ಮುಗಿದ ಮೇಲೆ ನನ್ನ ಮೇಲೆಯೇ ನಾಚಿಕೆ ಬಂತು. ಯಾಕೆಂದರೆ ನಾನೂ ಒಂದು ಬರೆದಿಲ್ಲ.

ನಮ್ಮತ್ತೆಗೆ ಕೂಸು ಬೇಡ, ಗಂಡು ಕೂಸು ಬೇಕು. ಬಂದ ಎರಡನೆಯ ದಿನವೇ ಅಂದರು, “ತಂಗಿ ಗಂಡು ಹಡದ್ರ ತಾ. ಹೆಣ್ಣು ತಂದು ಯಾರ ಉದ್ಧಾರ ಮಾಡ್ತಿ?” ನಾನು ನಿನಗೆ ಗಂಡಾದರೂ ನನ್ನದು ಹೆಣ್ಣಾದರೂ ನನ್ನದು ಎಂದು ಜೋರಾಗಿ ಬರೆದೆನಲ್ಲ, ಅವತ್ತು ಆ ಮಾತನ್ನು ಈ ಮನೆಯಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಗಂಡೇ ಆಗಲಿ ಎಂದು ಗುಡ್ಡಾಪುರದ ದಾನಮ್ಮದೇವಿಗೆ ಹರಕೆ ಹೊತ್ತು ಕೂತಿದ್ದೆ.

ಈಗ ನೋಡು ನಮ್ಮ ಹಣೆಬರಹ. ಗಂಡಾದರೆ ನಿನ್ನ ಮನೆ ಬಿಡುವುದಿಲ್ಲ. ಹೆಣ್ಣಾದರೆ ನನ್ನ ಮನೆ ಒಲ್ಲೆನ್ನುತ್ತದೆ. ಯಾವುದು ಹುಟ್ಟಿದರೂ ನನ್ನ ಉಡಿ ಖಾಲಿ. ಮೊನ್ನೆಯವರೆಗೂ ಗಂಡಾಗಲಿ ಎಂದು ಬೇಡುತ್ತಿದ್ದವಳಿಗೆ ಈಗ ಏನು ಬೇಡಬೇಕು ಎಂದೇ ತಿಳಿಯುತ್ತಿಲ್ಲ. ನಿನ್ನ ಹೆರಿಗೆ ಸುಸೂತ್ರ ಆಗಲಿ ಎಂದು ಬೇಡುತ್ತೇನೆ. ಅದೊಂದನ್ನು ಯಾರೂ ತಪ್ಪು ಅನ್ನಲಾರರು.

ಕೌದಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ನಡು ಇನ್ನೂ ಹೊಲಿದಿಲ್ಲ. ಹೊಲಿಯಲು ಮನಸ್ಸಿಲ್ಲ. ಹೆತ್ತೇ ಇಲ್ಲ ಅನ್ನುವ ಹಾಗೆ ಮಾಡಬೇಡ ಎಂದು ಬರೆದೆಯಲ್ಲ, ಹಾಗೆ ಮಾಡಹೊರಟದ್ದು ಯಾಕೆಂದು ಹೇಳುತ್ತೇನೆ. ನನಗೆ ಅಂಜಿಕೆ, ಸಾಬವ್ವಾ. ಕೂಸು ದೊಡ್ಡದಾಗಿ ಒಂದು ದಿನ ನನ್ನನ್ನು ಬಿಟ್ಟು ನಿನ್ನ ಕಡೆ ನಡೆದೀತೆಂದು ಅಂಜಿಕೆ.

ದಾನಮ್ಮ


ಹಿರೇಮಸಳಿ
27 ನವೆಂಬರ್ 1995

ಅಕ್ಕಾ,

ಹೆಣ್ಣು ಹುಟ್ಟಿದೆ. ನಾನು ಆರಾಮ ಇದ್ದೇನೆ. ಕೂಸು ಕಪ್ಪಗಿದೆ, ತಲೆ ತುಂಬ ಕೂದಲು. ಅವ್ವನ ಗದ್ದ.

ಇವರು ಕೂಸಿನ ಮುಖ ನೋಡಲಿಲ್ಲ. ಸೂಲಗಿತ್ತಿ ಹೇಳಿದ್ದನ್ನು ಕೇಳಿ ಅಂಗಿ ಹಾಕಿಕೊಂಡು ಹೊರಗೆ ಹೋದರು. ಮರುದಿನ ಬಂದು, ಅಕ್ಕನಿಗೆ ಕಾಗದ ಹಾಕು, ಬಾಣಂತನ ಮುಗಿಯುವವರೆಗೂ ಕಾಯುವುದು ಬೇಡ, ಬಂದು ಒಯ್ಯಲಿ ಎಂದರು. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಆದರೆ ಅವರು ಹೇಳಿದ್ದನ್ನು ಬರೆಯುತ್ತಿಲ್ಲ.

ನೀನು ಬರಬೇಡ. ನಾನು ಕೊಡುವುದಿಲ್ಲ.

ಬಸವ ಜಯಂತಿಗೆ ನಾನು ಕೊಡುತ್ತೇನೆ ಅಂದದ್ದು ನನ್ನ ಜೀವದಲ್ಲಿಯ ಒಂದು ತುಂಡು ಅಂದುಕೊಂಡು. ಈಗ ಇವರು ಬೇಡ ಎಂದರೆಂದು ಕೊಟ್ಟರೆ ಅದು ಕೊಟ್ಟ ಹಾಗಲ್ಲ, ಎಸೆದ ಹಾಗೆ. ಅಲ್ಲಿ ನಿಮ್ಮತ್ತೆಗೂ ಬೇಡ. ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಒಲ್ಲೆ ಅನ್ನಲಿಕ್ಕೆ ಇದು ನಿನ್ನ ಕಾರಖಾನೆಯ ಕತ್ರನ್ ಅಲ್ಲ. ಇವರು ಮಾತಾಡಿಸದಿದ್ದರೆ ಬಿಡಲಿ. ಎರಡು ಇರುವಲ್ಲಿ ಮೂರು ಇರುತ್ತವೆ.

ನಿನಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ.

ಸಾಬವ್ವ


ಶಹಾಡ್
10 ಡಿಸೆಂಬರ್ 1995

ಸಾಬವ್ವಾ,

ಬರಬೇಡ ಎಂದು ಬರೆದಿದ್ದೀ. ಬರುತ್ತೇನೆ. ಒಯ್ಯಲಿಕ್ಕೆ ಬರುತ್ತಿಲ್ಲ, ನೋಡಲಿಕ್ಕೆ ಬರುತ್ತೇನೆ. ಬಾಣಂತಿ ತಂಗಿಯನ್ನು ನೋಡಲು ಅಕ್ಕನಿಗೆ ಯಾರ ಅಪ್ಪಣೆ ಬೇಕು?

ನಿನ್ನ ಕಾಗದ ಬಂದ ದಿನ ಅತ್ತೆ ಮತ್ತು ನಿಮ್ಮ ಮಾವ ಇಬ್ಬರೂ ಮನೆಯಲ್ಲಿದ್ದರು. ಹೆಣ್ಣು ಹುಟ್ಟಿದೆ ಎಂದೆ. ಅತ್ತೆ, ಮುಗಿಯಿತಲ್ಲ, ಇನ್ನು ನನ್ನ ಮಾತು ಕೇಳಿ ಎಂದು ಮಗನ ಕಡೆ ತಿರುಗಿದರು. ನನ್ನ ಬಾಯಿಂದ ಅಂಥ ಮಾತು ಬಂದೀತೆಂದು ನನಗೇ ಗೊತ್ತಿರಲಿಲ್ಲ. “ತಂಗಿ ಕೊಟ್ರ ಆ ಹೆಣ್ಣು ಕೂಸು ಈ ಖೋಲಿಗೇ ಬರ್ತದ. ನೀವು ಇನ್ನೊಂದು ಲಗ್ನ ಮಾಡ್ಕೋತೀರಾ, ಮಾಡ್ಕೋರಿ. ನಾ ಮಾತ್ರ ಎಲ್ಲೂ ಹೋಗೂದಿಲ್ಲ” ಎಂದೆ. ನಿಮ್ಮ ಮಾವ ಡಬ್ಬಿ ತಗೊಂಡು ಕಂಪನಿಗೆ ಹೋದರು.

ಈ ಮಾತನ್ನು ಹೆರಿಗೆಗೆ ಮೊದಲೇ ಆಡಬೇಕಿತ್ತು. ಆಗ ಆಡಿದ್ದರೆ ನೀನು ನಂಬುತ್ತಿದ್ದೆ. ಈಗ ಯಾವ ಮುಖ ಹೊತ್ತು ಕೇಳಲಿ?

ಅಟ್ಟದಿಂದ ಕೌದಿ ಇಳಿಸಿದೆ. ನಡುವಿಗೆ ಗುಂಡುಸೂಜಿ ಚುಚ್ಚಿ ಇಟ್ಟಿದ್ದ ನನ್ನ ಇಳಕಲ್ ತುಂಡನ್ನು ತೆಗೆದು ನಿಮ್ಮ ಮಾವನ ಅಂಗಿಯ ಸುತ್ತಿಗೆ ಸೇರಿಸಿ ಹಚ್ಚಿದೆ. ಚಿಗವ್ವನದೆಂದು ಬಿಟ್ಟಿದ್ದ ಜಾಗವನ್ನೂ ಅದರಿಂದಲೇ ತುಂಬಿಸಿದೆ. ನಡು ಈಗ ಖಾಲಿ ಇದೆ. ಅಲ್ಲಿ ಯಾರದು ಕೂಡಬೇಕು ಎಂದು ಅವ್ವ ಹೇಳಿದ್ದಳೋ ಅವರದೇ ಕೂಡಲಿ. ನೀನು ಕೂಸು ಕೊಡದಿದ್ದರೂ ಕೌದಿ ಅದರದ್ದೇ. ನಡು ಮುಗಿದ ಮೇಲೆ ಕಳಿಸುತ್ತೇನೆ, ಹೊದ್ದುಕೊಳ್ಳಲಿ.

ಮುಂದಿನ ವಾರ ಕಲ್ಯಾಣದಿಂದ ಸೊಲ್ಲಾಪುರದ ಗಾಡಿ ಹತ್ತುತ್ತೇನೆ.

ದಾನಮ್ಮ


ಶಹಾಡ್
4 ಫೆಬ್ರವರಿ 1996

ಸಾಬವ್ವಾ,

ಮುಟ್ಟಿದೆವು. ಸೊಲ್ಲಾಪುರದವರೆಗೂ ಅತ್ತಳು. ಬಾಟಲಿಯ ಹಾಲನ್ನು ನಾಲಿಗೆಯಿಂದ ತಳ್ಳಿದಳು. ಎದುರಿಗೆ ಕೂತಿದ್ದ ಒಬ್ಬ ಮುದುಕಿ, ಎದೆಗೆ ಹಾಕಿಕೋ ತಾಯೀ, ಯಾಕೆ ಅಳಿಸುತ್ತೀ ಎಂದು ಮರಾಠಿಯಲ್ಲಿ ಬೈದಳು. ಸೆರಗು ಮುಚ್ಚಿ ಹಾಗೇ ಎದೆಗೆ ಒತ್ತಿಕೊಂಡು ಕೂತೆ. ಪುಣೆ ದಾಟಿದ ಮೇಲೆ ಸ್ವಲ್ಪ ಕುಡಿದಳು. ಈಗ ಕುಡಿಯುತ್ತಾಳೆ, ಮಲಗುತ್ತಾಳೆ.

ನಿನ್ನ ಮನೆಯಲ್ಲಿ ಅಷ್ಟು ದಿನ ಇದ್ದೆ. ಕೂಸಿಗೆ ಎರೆದೆ, ನಿನಗೆ ಎಣ್ಣೆ ಹಚ್ಚಿದೆ, ಹುಡುಗಿಯರ ಹೇನು ತೆಗೆದೆ. ಆದರೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಅದಕ್ಕೇ ಈಗ ಬರೆಯುತ್ತೇನೆ. ನಿಮ್ಮಲ್ಲಿಗೆ ಬಂದ ಮರುದಿನ ಪಡಸಾಲೆಯಲ್ಲಿ ಚಂದ್ರಾಮಪ್ಪ ಕೂಸನ್ನು ಎತ್ತಿ ನನ್ನ ಮುಂದೆ ಹಿಡಿದ. ಹುಟ್ಟಿದ ಮೇಲೆ ಅವತ್ತೇ ಮೊದಲ ಸಲ ಎತ್ತಿದ್ದಿರಬೇಕು, ಕೂಸಿನ ಕತ್ತು ಜೋಲುತ್ತಿತ್ತು. ಒಯ್ಯಿರಿ ಎಂದ. ನನ್ನ ಕೈ ಎಷ್ಟು ತುಡಿಯಿತು ಎಂದು ನನಗೇ ಗೊತ್ತು. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡೆ. “ನೀ ಕೊಟ್ರ ನನಗ ಬ್ಯಾಡಪ್ಪಾ. ಅಕಿ ಕೊಟ್ರ ತಗೋತೀನಿ, ಇಲ್ಲಾಂದ್ರ ಬಂದ ಹಾದಿ ಹಿಡೀತೀನಿ” ಎಂದೆ. ಅವನು ಕೂಸನ್ನು ಚಾಪೆಯ ಮೇಲೆ ಇಟ್ಟು ಹೊರಗೆ ಹೋದ. ನೀನು ಅಡಿಗೆಮನೆಯಲ್ಲಿದ್ದೆ. ನಿನಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಸಂಕ್ರಾಂತಿ ಮುಗಿಯಿತು. ಇನ್ನು ಬರಿಗೈಲಿ ಹೋಗುವುದೇ ಎಂದು ಚೀಲ ಕಟ್ಟಿದೆ. ಬಸ್ಸಿನ ಹತ್ತಿರ ಬಂದು ನೀನು ಅವಳನ್ನು ನಿನ್ನ ಹಸಿರು ಸೀರೆಯಲ್ಲಿ ಸುತ್ತಿ ನನ್ನ ಉಡಿಗೆ ಹಾಕಿ ತಿರುಗಿ ನೋಡದೆ ನಡೆದೆ. ಯಾಕೆ ಕೊಟ್ಟೆ, ಸಾಬವ್ವಾ? ಕೂಗಿ ಕರೆದು ಕೇಳಬೇಕೆನ್ನಿಸಿತು. ನೀನು ತಿರುಗಿ ಬಂದು ವಾಪಸು ಕೇಳಿದರೆ ಎಂದು ಅಂಜಿ ಸುಮ್ಮನೆ ಬಸ್ಸು ಹತ್ತಿದೆ.

ಆ ಹಸಿರು ಸೀರೆಯಿಂದಲೇ ನಡುತುಂಡು ಕತ್ತರಿಸಿದೆ. ಗುರಮ್ಮ ಹೋಳಿಗೆಯ ಚೂರು ತಂದು ಒಳಗಿಟ್ಟಳು, ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಸುತ್ತಲೂ ಹೊಲಿದು ಮುಚ್ಚಿದೆ. ಚಾಳಿನ ಹೆಂಗಸರೆಲ್ಲ ನೋಡಲು ಬಂದಿದ್ದರು. ನಡುವಿನದು ಯಾರ ಸೀರೆ ಎಂದು ಪ್ರಭಾಬಾಯಿ ಕೇಳಿದಳು. ಇವಳನ್ನು ಹೆತ್ತವಳದು, ನನ್ನ ತಂಗಿಯದು ಎಂದೆ. ಎಲ್ಲರಿಗೂ ಕೇಳಿಸುವ ಹಾಗೆಯೇ ಅಂದೆ. ಇವಳಿಗೂ ಹಾಗೆಯೇ ಹೇಳುತ್ತೇನೆ.

ಅತ್ತೆ ಊರಿಗೆ ಹೋದರು. ನಿಮ್ಮ ಮಾವ ಕಲ್ಯಾಣ ಸ್ಟೇಶನ್ನಿನವರೆಗೆ ಹೋಗಿ ಮುಟ್ಟಿಸಿ ಬಂದರು. ಮದುವೆಯ ಮಾತು ಅವರ ಜೊತೆ ಹೋಯಿತೋ, ಇಲ್ಲೇ ಎಲ್ಲೋ ಇದೆಯೋ ನನಗೆ ತಿಳಿಯದು. ಕೂಸನ್ನು ಇನ್ನೂ ಎತ್ತಿಕೊಂಡಿಲ್ಲ. ಅತ್ತರೆ ಒಂದು ಸಲ ಆ ಕಡೆ ನೋಡುತ್ತಾರೆ. ಅದೇನಾದರೂ ಆಗಲಿ, ನಾನು ಹೇಳಿದ ಮಾತು ಹೇಳಿದ್ದೇ.

ನಿನ್ನ ಎದೆಯಲ್ಲಿ ಹಾಲು ಕಟ್ಟಿರಬೇಕು. ಬಹಳ ನೋವೇ? ಒಂದು ಸಾಲು ಬರೆ.

ದಾನಮ್ಮ


ಹಿರೇಮಸಳಿ
15 ಫೆಬ್ರವರಿ 1996

ಅಕ್ಕಾ,

ಕೇಳಿಸಿತು. ಅವತ್ತು ಬಾಗಿಲ ಹಿಂದೆಯೇ ನಿಂತಿದ್ದೆ. ಇವರು ಚಾಚಿದಾಗ ನೀನು ಕೈ ನೀಡಿದ್ದರೆ ಜೀವ ಹೋದರೂ ನಾನು ಕೊಡುತ್ತಿರಲಿಲ್ಲ. ಗಂಡಾದರೆ ಹೀಗೆ, ಹೆಣ್ಣಾದರೆ ಹಾಗೆ ಎಂದು ಎಲ್ಲರೂ ಹೇಳಿದರು. ನನ್ನನ್ನು ಕೇಳಬೇಕು ಅಂದವಳು ನೀನೊಬ್ಬಳೇ. ಅದಕ್ಕೇ ಕೊಟ್ಟೆ.

ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಕಟ್ಟಿಕೊಂಡಿದ್ದೇನೆ. ಹಾಲು ಇನ್ನೂ ನಿಂತಿಲ್ಲ. ಓಣಿಯಲ್ಲಿ ಯಾರ ಕೂಸು ಅತ್ತರೂ ಕುಪ್ಪಸ ತೊಯ್ಯುತ್ತದೆ.

ಎಡಮಗ್ಗುಲಿಗೆ ಮಲಗಿಸಿ ಬೆನ್ನು ತಟ್ಟಿದರೆ ಬೇಗ ನಿದ್ದೆ ಮಾಡುತ್ತಾಳೆ.

ಇನ್ನು ಸ್ವಲ್ಪ ದಿನ ನನಗೆ ಕಾಗದ ಹಾಕಬೇಡ. ಹಾಲು ಬತ್ತಿದ ಮೇಲೆ ನಾನೇ ಬರೆಯುತ್ತೇನೆ. ಅಲ್ಲಿಯವರೆಗೆ ಅತ್ತಳು ಎಂದೂ ಬರೆಯಬೇಡ, ನಕ್ಕಳು ಎಂದೂ ಬರೆಯಬೇಡ. ಬರೆದರೆ ನಾನು ಗಾಡಿ ಹತ್ತಿ ಬಂದು ಅವಳನ್ನು ಎತ್ತಿಕೊಂಡು ಬಂದುಬಿಡುತ್ತೇನೆ.

ಸಾಬವ್ವ